ಹೇಲಿ ಗಂಡನ ಬಗ್ಗೆ ಟ್ರಂಪ್ ಆಡಿದ ಮಾತು: ಸೌತ್ ಕ್ಯಾರೊಲೈನಾದಲ್ಲಿ ಇದ್ರಿಂದ ಒಂದು ಓಟಾದ್ರೂ ಕಮ್ಮಿ ಆಗತ್ತಾ?

ಗ್ರೀನ್‌ವಿಲ್_ಗೊಜ್ಜು | ಫೆಬ್ರವರಿ 11, 2024

ಎಲ್ರಿಗೂ ನಮಸ್ಕಾರ. ನಾನಿರೋದು ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್ ಹತ್ರ. ಎಚ್1ಬಿ ವೀಸಾ, ಅಂದ್ರೆ ಓಟಿಲ್ಲ, ಟ್ಯಾಕ್ಸ್ ಮಾತ್ರ ಇದೆ. ಇದೇ 24ಕ್ಕೆ ಇಲ್ಲಿ ರಿಪಬ್ಲಿಕನ್ ಪ್ರೈಮರಿ, ಉಳಿದಿರೋದು ಟ್ರಂಪ್ ಮತ್ತೆ ಇದೇ ರಾಜ್ಯದ ಮಾಜಿ ಗವರ್ನರ್ ನಿಕ್ಕಿ ಹೇಲಿ ಇಬ್ರೇ.

ನಿನ್ನೆ ಕಾನ್ವೇ ಊರಿನ ರ‍್ಯಾಲಿಲಿ ಟ್ರಂಪ್ ಏನಂದ್ರು ಕೇಳಿರ್ತೀರ. "ಅವಳ ಗಂಡ ಏನಾದ? ಎಲ್ಲಿದಾನೆ? ಹೊರಟುಹೋಗಿದಾನೆ. ಅವನಿಗೆ ಗೊತ್ತಿತ್ತು" ಅಂತ, ಏನೋ ಸಂಸಾರದಲ್ಲಿ ಗುಟ್ಟಿದೆ ಅನ್ನೋ ಧಾಟೀಲಿ. ಆ ಗಂಡ ಮೈಕಲ್ ಹೇಲಿ ರಾಜ್ಯದ ಮೀಸಲು ಸೈನ್ಯ ನ್ಯಾಷನಲ್ ಗಾರ್ಡ್‌ನಲ್ಲಿ ಮೇಜರ್, ಹೋದ ವರ್ಷ ಜೂನ್‌ನಿಂದ ಆಫ್ರಿಕಾದಲ್ಲಿ ಡ್ಯೂಟಿ ಮೇಲಿದಾರೆ. ಅದೇ ಭಾಷಣದಲ್ಲೇ ನ್ಯಾಟೋ ದೇಶಗಳು ದುಡ್ಡು ಕಟ್ಟದಿದ್ರೆ ರಷ್ಯಾಗೆ "ಏನ್ ಬೇಕಾದ್ರೂ ಮಾಡ್ಕೋ" ಅಂತೀನಿ ಅಂದಿದ್ದೂ ಬಂತು, ಯೂರೋಪೆಲ್ಲ ಅದರ ಹಿಂದೆ ಬಿದ್ದಿದೆ, ನಂಗೆ ಮಾತ್ರ ಗಂಡನ ಮಾತೇ ತಲೇಲಿ ಕೂತಿದೆ.

ಯಾಕಂದ್ರೆ ನಮ್ಮ ಪಕ್ಕದ್ಮನೆಯವ್ರು ರಿಟೈರ್ಡ್ ಆರ್ಮಿ. ಮಗನೂ ಗಾರ್ಡ್‌ನಲ್ಲಿದಾನೆ. ಎರಡು ವರ್ಷದ ಹಿಂದೆ ಆ ಹುಡುಗನ್ನ ಹೊರದೇಶಕ್ಕೆ ಕಳಿಸ್ದಾಗ ಈ ಮನುಷ್ಯ ನಮ್ಮ ಡ್ರೈವ್‌ವೇಲಿ ನಿಂತ್ಕೊಂಡು ಕಣ್ಣು ಒರೆಸ್ಕೊಂಡಿದ್ದು ನಾನೇ ನೋಡಿದೀನಿ. ಅವ್ರ ಅಂಗಳದಲ್ಲಿ ಟ್ರಂಪ್ ಬೋರ್ಡಿದೆ. ಇವತ್ತು ಬೆಳಿಗ್ಗೆ ನಾಯಿ ವಾಕಿಂಗಲ್ಲಿ ಸಿಕ್ರು, ಧೈರ್ಯ ಮಾಡಿ ಕೇಳ್ದೆ, ನಿನ್ನೆ ಅಂದಿದ್ದು ನಿಮಗೆ ಬೇಜಾರಾಗ್ಲಿಲ್ವಾ ಅಂತ. ನಕ್ಕು "ಅವನು ಮಾತಾಡೋದೇ ಹಂಗೆ" ಅಂದ್ರು. ಅಷ್ಟೇ! ಮುಂದಕ್ಕೆ ನಾಯಿ ಎಳ್ಕೊಂಡು ಹೋಯ್ತು.

ಈ ರಾಜ್ಯದಲ್ಲಿ ಫೋರ್ಟ್ ಜಾಕ್ಸನ್ ಇದೆ, ಪ್ಯಾರಿಸ್ ಐಲೆಂಡ್ ಇದೆ (ಎರಡೂ ಸೈನಿಕರ ದೊಡ್ಡ ಟ್ರೈನಿಂಗ್ ಕ್ಯಾಂಪು), ಬೀದಿಗೊಬ್ರು ಮಾಜಿ ಸೈನಿಕರು. ಇಲ್ಲೂ ಇಂಥ ಮಾತು ಕೆಲಸ ಮಾಡಲ್ಲ ಅಂದ್ರೆ ಇನ್ನೆಲ್ಲಿ ಮಾಡತ್ತೆ?

ಬಸವನಗುಡಿ_ಬೆಂಚು | ಫೆಬ್ರವರಿ 11

ದಡ್ಡ ಪ್ರಶ್ನೆ ಅನ್ಕೋಬೇಡಿ, ಈ ಪ್ರೈಮರಿ ಅಂದ್ರೆ ಟಿಕೆಟ್ ಕೊಡೋಕೂ ಜನರೇ ಓಟು ಹಾಕ್ತಾರಾ? ನಮ್ಮಲ್ಲಿ ಬಿ ಫಾರಂ ಹೈಕಮಾಂಡ್ ಕೈಲಿ, ಡೆಲ್ಲಿಗೆ ಹೋಗಿ ಮೂರು ದಿನ ಹೋಟೆಲಲ್ಲಿ ಕೂತು ಬರ್ತಾರೆ. ಅಲ್ಲಿ ಒಂದೇ ಪಕ್ಷದವ್ರು ಸ್ಟೇಜ್ ಮೇಲೆ ಒಬ್ಬರಿಗೊಬ್ರು ಬೈದಾಡಿ ಆಮೇಲೆ ಒಟ್ಟಿಗೇ ಪ್ರಚಾರ ಮಾಡ್ತಾರಾ??

ಡಿಮಾಯ್ನ್_ದೋಸೆ | ಫೆಬ್ರವರಿ 11

ಹೌದು ಸಾರ್, ಮಾಡ್ತಾರೆ, ನಾಚಿಕೆ ಇಲ್ದೆ ಮಾಡ್ತಾರೆ.

ನಾನು ಅಯೋವಾದಲ್ಲಿರೋದು, ಇಲ್ಲಿಂದ್ಲೇ ಶುರು ಆಗೋದು. ಜನವರಿ 15ಕ್ಕೆ ಕಾಕಸ್ ಇತ್ತು, ನಂಗೂ ಓಟಿಲ್ಲ, ಸುಮ್ನೆ ನೋಡೋಕೆ ಅಂತ ಫ್ರೆಂಡ್ ಜೊತೆ ಒಂದು ಸ್ಕೂಲಿಗೆ ಹೋಗಿ ಹಿಂದುಗಡೆ ಕೂತಿದ್ದೆ. ಹೊರಗೆ ಮೈನಸ್ 20 ಡಿಗ್ರಿ ಆಸುಪಾಸು. ಒಳಗೆ ಮಕ್ಕಳು ಕೂರೋ ಪುಟ್ಟ ಕುರ್ಚಿಗಳ ಮೇಲೆ ದೊಡ್ಡ ದೊಡ್ಡ ಜಾಕೆಟ್ ಹಾಕ್ಕೊಂಡಿರೋ ಜನ. ಒಬ್ಬೊಬ್ಬ ಕ್ಯಾಂಡಿಡೇಟ್ ಪರ ಒಬ್ಬೊಬ್ರು ಎದ್ದು ಒಂದೆರಡು ನಿಮಿಷ ಮಾತಾಡ್ತಾರೆ, ಆಮೇಲೆ ಚೀಟಿಲಿ ಹೆಸರು ಬರ್ದು ಹಾಕ್ತಾರೆ, ಅಲ್ಲೇ ಎಣಿಸ್ತಾರೆ, ಮುಗೀತು. ನಮ್ಮೂರ ಹಾಲಿನ ಡೇರಿ ಮೀಟಿಂಗ್ ಥರ.

ಗೊಜ್ಜು ಅವ್ರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಅಯೋವಾ ಜನಸಂಖ್ಯೆ ಸುಮಾರು 32 ಲಕ್ಷ, ಆ ದಿನ ರಿಪಬ್ಲಿಕನ್ ಕಾಕಸ್‌ಗೆ ಬಂದವ್ರು 1 ಲಕ್ಷ 10 ಸಾವಿರ ಅಷ್ಟೇ. ಟಿವಿಲಿ ನೋಡಿ "ಅಯ್ಯೋ ಎಂಥಾ ಮಾತು" ಅಂತ ಹೌಹಾರೋ ಜನ ಬಹುಪಾಲು ಆ ರೂಮಲ್ಲಿ ಇರೋದೇ ಇಲ್ಲ. ಮದುವೆ ಊಟ ಸರಿ ಇಲ್ಲ ಅಂತ ಕರೀದೇ ಇರೋವ್ರು ಬೈದಂಗೆ ಅದು. ಬೀಗರು ಉಂಡಾಯ್ತು, ಎಲೆ ಎತ್ತಾಯ್ತು.

ಹಳೇ_ಪೇಪರ್ | ಫೆಬ್ರವರಿ 11

ಗೊಜ್ಜು, ಇದು ಎರಡನೇ ಸಲ ಬರ್ತಿರೋ ಸಿನಿಮಾ. 2015ರ ಜುಲೈ 18, ಅಯೋವಾದ ಏಮ್ಸ್ ಊರು. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಬಗ್ಗೆ ಟ್ರಂಪ್ ಅಂದ್ರಲ್ಲ, ಅವ್ರು ಸೆರೆ ಸಿಕ್ಕಿದ್ದಕ್ಕೆ ಹೀರೋ, ನಂಗೆ ಸೆರೆ ಸಿಗದೇ ಇರೋವ್ರು ಇಷ್ಟ ಅಂತ. ವಿಯೆಟ್ನಾಂನಲ್ಲಿ ಐದೂವರೆ ವರ್ಷ ಜೈಲಲ್ಲಿ ಕೊಳೆತು, ಚಿತ್ರಹಿಂಸೆ ತಿಂದು, ಕೈ ಸರಿಯಾಗಿ ಮೇಲಕ್ಕೆ ಎತ್ತೋಕಾಗದಂಗೆ ವಾಪಸ್ ಬಂದ ಮನುಷ್ಯನ ಬಗ್ಗೆ! ಆ ವಾರ ನಾನು ನೋಡಿದ ಪ್ರತಿ ಚಾನೆಲ್ಲಲ್ಲೂ "ಕಥೆ ಮುಗೀತು" ಅಂದ್ರು. ನಮ್ಮ ಆಫೀಸಲ್ಲಿ ನಾನೇ ಸಮೋಸಾ ಬೆಟ್ ಕಟ್ಟಿದ್ದೆ, ಆಗಸ್ಟ್ ಒಳಗೆ ಈತ ಔಟ್ ಅಂತ. ಹನ್ನೆರಡು ಜನಕ್ಕೆ ಸಮೋಸಾ ಕೊಡಿಸ್ದೆ.

ಇನ್ನೊಂದು ತಮಾಷೆ, ಅದರ ಹಿಂದಿನ ದಿನವೇ ಹಫಿಂಗ್ಟನ್ ಪೋಸ್ಟ್‌ನವ್ರು ಟ್ರಂಪ್ ಸುದ್ದೀನ ರಾಜಕೀಯ ಪುಟದಲ್ಲಿ ಹಾಕಲ್ಲ, ಮನರಂಜನೆ ಪುಟದಲ್ಲಿ ಹಾಕ್ತೀವಿ ಅಂತ ಘೋಷಣೆ ಮಾಡಿದ್ರು. ಡಿಸೆಂಬರ್‌ನಲ್ಲಿ ಮುಸ್ಲಿಮರನ್ನ ದೇಶದೊಳಗೆ ಬಿಡಬಾರ್ದು ಅನ್ನೋ ಹೇಳಿಕೆ ಬಂದ್ಮೇಲೆ ಅದನ್ನ ವಾಪಸ್ ತಗೊಂಡ್ರು, ನಗೋ ವಿಷಯ ಅಲ್ಲ ಇದು ಅಂತ.

ಮತ್ತೆ ನಿಮ್ಮೂರಿನದೇ ಕಥೆ ಕೇಳಿ. 2016ರ ಫೆಬ್ರವರಿ 13ಕ್ಕೆ ಗ್ರೀನ್‌ವಿಲ್‌ನಲ್ಲೇ ಡಿಬೇಟ್. ಇನ್ನೊಬ್ಬ ಕ್ಯಾಂಡಿಡೇಟ್ ಜೆಬ್ ಬುಷ್ (ಮಾಜಿ ಪ್ರೆಸಿಡೆಂಟ್ ಜಾರ್ಜ್ ಬುಷ್ ತಮ್ಮ) ಪಕ್ಕದಲ್ಲಿ ನಿಂತಿರೋವಾಗ್ಲೇ ಟ್ರಂಪ್ ಹೇಳ್ತಾರೆ, ನಿಮ್ಮಣ್ಣನ ಕಾಲದಲ್ಲೇ ಅವಳಿ ಕಟ್ಟಡ ಬಿದ್ದಿದ್ದು, ಇರಾಕ್ ಬಗ್ಗೆ ಸುಳ್ಳು ಹೇಳಿದ್ರು ಅಂತ. ರಿಪಬ್ಲಿಕನ್ ಸ್ಟೇಜ್ ಮೇಲೆ! ಸೌತ್ ಕ್ಯಾರೊಲೈನಾದಲ್ಲಿ! ಹಾಲ್‌ನಲ್ಲಿ ಬೂ ಅಂತ ಕೂಗಿದ್ರು. ಸರಿಯಾಗಿ ಒಂದು ವಾರಕ್ಕೆ, 20ನೇ ತಾರೀಕು, 32.5 ಪರ್ಸೆಂಟ್ ತಗೊಂಡು ಅದೇ ರಾಜ್ಯ ಗೆದ್ರು, ಜೆಬ್ ಅವತ್ತು ರಾತ್ರಿನೇ ಗಂಟು ಕಟ್ಟಿದ್ರು. ನಿಮ್ಮ ಪಕ್ಕದ್ಮನೆಯವ್ರು ಬಹುಶಃ ಅವತ್ತೇ ತೀರ್ಮಾನ ಮಾಡಿ ಆಗಿದೆ, ನಿನ್ನೆ ಅಲ್ಲ.

ಡಲ್ಲಾಸ್_ದೊಡ್ಡಪ್ಪ | ಫೆಬ್ರವರಿ 12

ನಾನು ಸಿಟಿಜನ್, ಓಟಿದೆ, ಟ್ರಂಪ್‌ಗೇ ಹಾಕೋದು, ಮುಚ್ಚಿಡೋಕೆ ಏನಿಲ್ಲ. ನಿಮ್ಮೆಲ್ರ ಸಮಸ್ಯೆ ಏನಂದ್ರೆ ಮಾತನ್ನ ತಕ್ಕಡೀಲಿ ಹಾಕಿ ತೂಗ್ತೀರ. ನಾನು ಗ್ರೋಸರಿ ಬಿಲ್ಲು, ಬಾರ್ಡರ್, ಬಡ್ಡಿ ದರ ತೂಗ್ತೀನಿ. ಹೇಲಿ ಗಂಡನ ಬಗ್ಗೆ ಅಂದಿದ್ದು ತಪ್ಪು, ಒಪ್ಕೋತೀನಿ, ನನ್ನ ಹೆಂಡ್ತಿ ಟಿವಿ ಆಫ್ ಮಾಡಿದ್ಲು. ಆದ್ರೆ ಅದಕ್ಕೋಸ್ಕರ ಓಟು ಬದಲಾಯಿಸ್ಬೇಕಾ?

ಇನ್ನು ಬಾಯಿ ಜಾರೋದು ಒಂದೇ ಕಡೆ ಗುತ್ತಿಗೆ ಅಲ್ಲ. 2006ರಲ್ಲಿ ಬೈಡನ್ ಏನಂದ್ರು, ಡೆಲವೇರ್‌ನಲ್ಲಿ ಇಂಡಿಯನ್ ಆಕ್ಸೆಂಟ್ ಇಲ್ದೇ ಇದ್ರೆ ಸೆವೆನ್ ಇಲೆವೆನ್‌ಗೋ ಡಂಕಿನ್ ಡೋನಟ್ಸ್‌ಗೋ ಹೋಗೋಕಾಗಲ್ಲ ಅಂತ. ಆ ಕಾಲದಲ್ಲಿ ಇಲ್ಲಿ ನನ್ನ ಕಸಿನ್ ರಾತ್ರಿ ಶಿಫ್ಟ್ ಗ್ಯಾಸ್ ಸ್ಟೇಷನ್‌ನಲ್ಲಿ ನಿಲ್ತಿದ್ದ, ಅವನಿಗೆ ಎಷ್ಟು ಚುಚ್ಚಿತ್ತು ಗೊತ್ತಾ. ಹಿಲರಿ 2004ರಲ್ಲಿ ಗಾಂಧೀಜಿ ಸೇಂಟ್ ಲೂಯಿಸ್‌ನಲ್ಲಿ ಗ್ಯಾಸ್ ಸ್ಟೇಷನ್ ಇಟ್ಕೊಂಡಿದ್ರು ಅಂತ ಜೋಕ್ ಮಾಡಿ ಆಮೇಲೆ ಕ್ಷಮೆ ಕೇಳಿದ್ರು. 2007ರಲ್ಲಿ ಒಬಾಮಾ ಕ್ಯಾಂಪೇನ್‌ನವ್ರು ಹಿಲರಿನ "ಡೆಮಾಕ್ರಾಟ್, ಪಂಜಾಬ್" ಅಂತ ಬರೆದು ಪೇಪರ್ ಹಂಚಿದ್ರು, ಇಂಡಿಯನ್ಸ್ ಹತ್ರ ದುಡ್ಡು ತಗೋತಾಳೆ ಅನ್ನೋ ಅರ್ಥದಲ್ಲಿ. ಇದನ್ನೆಲ್ಲ ಮರೆತು ಅವ್ರಿಗೇ ಓಟು ಹಾಕಿದ್ರಲ್ಲ ನೀವು? ಹಾಗೇ ನಾನೂ.

ಸ್ಯಾನ್‌ಹೊಸೆ_ಸೊಪ್ಪಿನಪಲ್ಯ | ಫೆಬ್ರವರಿ 12

ದೊಡ್ಡಪ್ಪ, ಒಂದು ವ್ಯತ್ಯಾಸ ಇದೆ. ಆ ಪಂಜಾಬ್ ಪೇಪರ್ ಬಗ್ಗೆ ಒಬಾಮಾ ಅದು ನಮ್ಮ ಕಡೆಯಿಂದ ಆದ ಮೂರ್ಖತನ ಅಂತ ಸ್ವತಃ ಹೇಳಿದ್ರು. ಹಿಲರಿ ಕ್ಷಮೆ ಕೇಳಿದ್ರು ಅಂತ ನೀವೇ ಬರೆದಿದೀರ. ಇಲ್ಲಿ ಕ್ಷಮೆ ಅನ್ನೋ ಪದವೇ ಇಲ್ಲ, ಮಾರನೇ ದಿನ ಅದನ್ನೇ ಇನ್ನೂ ಜೋರಾಗಿ ಹೇಳೋದು.

ನಂಗೆ ಗಂಡನ ಮಾತಿಗಿಂತ ಜಾಸ್ತಿ ಚುಚ್ಚಿದ್ದು ಜನವರೀಲಿ ಹೇಲಿ ಹೆಸರಿನ ಮೇಲೆ ಟ್ರಂಪ್ ಮಾಡಿದ್ದು. ಆಯಮ್ಮನ ಪೂರ್ತಿ ಹೆಸರು ನಿಮರತಾ ನಿಕ್ಕಿ ರಂಧಾವಾ, ಹುಟ್ಟಿದ್ದು ಸೌತ್ ಕ್ಯಾರೊಲೈನಾದ ಬ್ಯಾಂಬರ್ಗ್‌ನಲ್ಲೇ. ಅದನ್ನ ಒಂದು ಸಲ "ನಿಮ್ರಡಾ" ಅಂದ್ರು, ಇನ್ನೊಂದು ಸಲ "ನಿಂಬ್ರಾ" ಅಂದ್ರು. ಬೇಕಂತ್ಲೇ. ಅಪ್ಪ ಅಮ್ಮ ಆಗ ಸಿಟಿಜನ್ ಆಗಿರ್ಲಿಲ್ಲ ಹಂಗಾಗಿ ಈಕೆ ಪ್ರೆಸಿಡೆಂಟ್ ಆಗೋಕೆ ಅರ್ಹಳಲ್ಲ ಅನ್ನೋ ಪೋಸ್ಟ್ ಬೇರೆ ಹಂಚಿದ್ರು. ನನ್ನ ಮಗಳು ಇಲ್ಲೇ ಹುಟ್ಟಿದ್ದು, ನಾವು ಇನ್ನೂ ಗ್ರೀನ್ ಕಾರ್ಡ್ ಕ್ಯೂನಲ್ಲಿದೀವಿ. ಅವಳ ಹೆಸರಲ್ಲಿ ಒಂದು "ಋ" ಇದೆ. ಸ್ಕೂಲಲ್ಲಿ ಹೊಸ ಟೀಚರ್ ಹಾಜರಿ ಕೂಗೋವಾಗ ಒಂದು ಕ್ಷಣ ಸುಮ್ನಾಗ್ತಾರಲ್ಲ, ಆಗ ಇವಳೇ ಕೈ ಎತ್ತಿ "ಅದು ನಾನೇ" ಅಂತಾಳಂತೆ. ಏಳು ವರ್ಷದ ಮಗು. ಅವಳ ಹೆಸರನ್ನ ಸ್ಟೇಜ್ ಮೇಲೆ ಯಾರಾದ್ರೂ ತಿರುಚಿ ನಗಿಸಿದ್ರೆ ಜನ ಚಪ್ಪಾಳೆ ಹೊಡೀತಾರೆ ಅಂತ ನಾನು ಅವಳಿಗೆ ಹೆಂಗೆ ಹೇಳ್ಲಿ.

ಹಂಗಂತ ಹೇಲಿ ಪರ ಅಲ್ಲ ನಾನು. ಡಿಸೆಂಬರ್ 27ಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ಬರ್ಲಿನ್‌ನಲ್ಲಿ ಒಬ್ರು ಅಂತರ್ಯುದ್ಧ ಯಾಕೆ ಆಯ್ತು ಅಂತ ಕೇಳಿದ್ರೆ ಸರ್ಕಾರ ಹೆಂಗೆ ನಡೀಬೇಕು, ಸ್ವಾತಂತ್ರ್ಯ, ಅದೂ ಇದೂ ಅಂತ ರಾಗ ಎಳೆದ್ರು, ಗುಲಾಮಗಿರಿ ಅನ್ನೋ ಪದ ಬಾಯಿಂದ ಬರ್ಲಿಲ್ಲ. ಮಾರನೇ ದಿನ "ಗುಲಾಮಗಿರಿಗೇ ಆಗಿದ್ದು, ಅದರಲ್ಲೇನು" ಅಂದ್ರು. 2015ರಲ್ಲಿ ಚಾರ್ಲ್‌ಸ್ಟನ್ ಚರ್ಚ್‌ನಲ್ಲಿ ಒಂಬತ್ತು ಜನರನ್ನ ಕೊಂದಾಗ ವಿಧಾನಸೌಧದ ಆವರಣದಿಂದ ಕಾನ್ಫೆಡರೇಟ್ ಬಾವುಟ (ಆ ಯುದ್ಧದಲ್ಲಿ ಗುಲಾಮಗಿರಿ ಪರ ಇದ್ದ ದಕ್ಷಿಣದ ರಾಜ್ಯಗಳದ್ದು) ಇಳಿಸಿದ ಗವರ್ನರ್ ಇವರೇ. ಗೊತ್ತಿಲ್ದೇ ಹೇಳಿದ್ದಲ್ಲ, ಲೆಕ್ಕ ಹಾಕಿ ನುಂಗಿದ್ದು. ಅದು ನಂಗೆ ಬಾಯಿ ಜಾರಿದ್ದಕ್ಕಿಂತ ಕೆಟ್ಟದಾಗಿ ಕಾಣತ್ತೆ.

ಕುಂದಾ_ಪ್ರೇಮಿ | ಫೆಬ್ರವರಿ 12

ಹೆಸರಿನ ಮಾತ ಬಂತಂದ್ರ ನಮ್ಮ ಮನಷ್ಯಾನ್ನ ಮರೀಬ್ಯಾಡ್ರಿ. ಮಿಶಿಗನ್‌ದಾಗಿನ ಶ್ರೀ ಥಾಣೇದಾರ, ಹುಟ್ಟಿದ್ದು ಚಿಕ್ಕೋಡಿ, ಬೆಳದಿದ್ದು ನಮ್ಮ ಬೆಳಗಾಂವ್ಯಾಗ. 2018ರಾಗ ಗವರ್ನರ್ ಆಗಬೇಕಂತ ಡೆಮಾಕ್ರಾಟ್ ಪ್ರೈಮರಿಗೆ ನಿಂತಾಗ ತಮ್ಮ ಕಿಸೆದಾಗಿಂದನ ಒಂದು ಕೋಟಿ ಡಾಲರ್‌ಕಿಂತ ಹೆಚ್ಚಿಗಿ ಖರ್ಚ ಮಾಡಿದ್ರು, ಬಂದಿದ್ದು ಮೂರನೇ ನಂಬರ್, 17 ಚಿಲ್ಲರ ಪರ್ಸೆಂಟ್. ವಿಟ್ಮರ್ ಗೆದ್ರು. ಆದ್ರ ಮನಷ್ಯಾ ಕುಂದ್ರಲಿಲ್ಲ ನೋಡ್ರಿ, 2022ರಾಗ ಡೆಟ್ರಾಯಿಟ್ ಕಡಿಂದ ಒಂಬತ್ತು ಮಂದಿ ನಿಂತಿದ್ದ ಪ್ರೈಮರಿಯೊಳಗ 28 ಪರ್ಸೆಂಟ್‌ಗೇ ಗೆದ್ದು ಪಾರ್ಲಿಮೆಂಟ್ ಮುಟ್ಟಿದ್ರು. ಇದ ಪ್ರೈಮರಿ ಮಜಾ. ನೂರರಾಗ ಎಪ್ಪತ್ತೆರಡು ಮಂದಿ ಬ್ಯಾಡ ಅಂದ್ರೂ ನಡೀತೈತಿ, ಆ ಎಪ್ಪತ್ತೆರಡು ಮಂದಿ ಒಡದು ಹಂಚಿಹೋಗಿದ್ರ ಸಾಕು. 2016ರಾಗ ಟ್ರಂಪ್‌ಗೂ ಹಂಗ ಆತು, ಸೌತ್ ಕ್ಯಾರೊಲೈನಾದಾಗ ಮೂರರಾಗ ಎರಡು ಪಾಲ ಮಂದಿ ಬ್ಯಾರೇದವ್ರಿಗೆ ಹಾಕಿದ್ರು, ಗೆದ್ದಾಂವ ಟ್ರಂಪ್. ಎಲ್ಲಾರನ್ನೂ ಖುಷಿ ಇಡೂ ಜರೂರಿ ಇರಂಗಿಲ್ಲ ಅಂದಮ್ಯಾಲ ನಾಲಿಗಿ ಯಾಕ ಬಿಗಿ ಹಿಡೀತಾರ?

ಗ್ರೀನ್‌ವಿಲ್_ಗೊಜ್ಜು | ಫೆಬ್ರವರಿ 12

ಕುಂದಾ ಅವ್ರೇ, ಇದು ಒಳ್ಳೇ ಪಾಯಿಂಟು. ಆದ್ರೆ ಈ ಸಲ ಇಬ್ರೇ ಇರೋದು, ಓಟು ಒಡೆಯೋ ಮಾತೇ ಇಲ್ಲ. ಮತ್ತೆ ಇಲ್ಲಿ ಪಾರ್ಟಿ ರಿಜಿಸ್ಟ್ರೇಷನ್ನೂ ಇಲ್ಲ, ಫೆಬ್ರವರಿ 3ರ ಡೆಮಾಕ್ರಾಟ್ ಪ್ರೈಮರೀಲಿ ಓಟು ಹಾಕದೇ ಇರೋ ಯಾರು ಬೇಕಾದ್ರೂ ಬಂದು ಇದರಲ್ಲಿ ಹಾಕ್ಬೋದು. ಅಂದ್ರೆ ಬೇಜಾರಾದವ್ರಿಗೆ ಬಾಗಿಲು ತೆರೆದಿದೆ. ಬರ್ತಾರಾ ನೋಡೋಣ.

ಹಳೇ_ಪೇಪರ್ | ಫೆಬ್ರವರಿ 13

ನಾನು ಇದನ್ನ ರಾತ್ರಿ ಎಲ್ಲ ಯೋಚ್ನೆ ಮಾಡ್ದೆ (ಹೆಂಡ್ತಿ ಬೈದ್ಲು). ಹಳೇದೆಲ್ಲ ಸಾಲಾಗಿ ಇಟ್ಟು ನೋಡಿದ್ರೆ ಒಂದು ವಿಷ್ಯ ಕಾಣತ್ತೆ. ಪ್ರೈಮರೀಲಿ ಬೇರೆಯವ್ರನ್ನ ಬೈದು ಸೋತವ್ರು ಕಮ್ಮಿ. ತಮ್ಮನ್ನ ತಾವೇ ಬಲಹೀನ ಅಂತ ತೋರಿಸ್ಕೊಂಡವ್ರೇ ಸೋತಿದ್ದು.

ರಿಪಬ್ಲಿಕನ್ ಜಾರ್ಜ್ ರಾಮ್ನಿ, 2012ರಲ್ಲಿ ಒಬಾಮಾ ಎದುರು ನಿಂತಿದ್ದ ಮಿಟ್ ರಾಮ್ನಿ ಅಪ್ಪ. 1967ರ ಆಗಸ್ಟ್ 31ಕ್ಕೆ ಡೆಟ್ರಾಯಿಟ್ ಟಿವೀಲಿ, ವಿಯೆಟ್ನಾಂಗೆ ಹೋದಾಗ ಜನರಲ್‌ಗಳು ನಂಗೆ ಬ್ರೈನ್‌ವಾಶ್ ಮಾಡಿದ್ರು ಅಂದ್ರು. ನಿಜ ಹೇಳ್ಬೇಕಂದ್ರೆ ಆ ಮನುಷ್ಯ ಹೇಳಿದ್ರಲ್ಲಿ ಸತ್ಯ ಇತ್ತು, ಯುದ್ಧದ ಬಗ್ಗೆ ಸರ್ಕಾರ ಜನಕ್ಕೆ ಹೇಳ್ತಿದ್ದಿದ್ದು ಸುಳ್ಳೇ. ಆದ್ರೆ ಜನ ಕೇಳಿಸ್ಕೊಂಡಿದ್ದು ಏನು, ಈತನ ತಲೆ ಯಾರು ಬೇಕಾದ್ರೂ ತೊಳೀಬೋದು ಅಂತ. ಮುಂದಿನ ಫೆಬ್ರವರಿಲಿ ಮೊದಲ ಪ್ರೈಮರಿಗೂ ಮುಂಚೆ ಮನೆಗೆ ಹೋದ್ರು.

ಡೆಮಾಕ್ರಾಟ್ ಎಡ್ಮಂಡ್ ಮಸ್ಕಿ, 1972. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಊರಿನ ಪೇಪರಿನವ್ರು ಹೆಂಡತಿ ಬಗ್ಗೆ ಕೆಟ್ಟದಾಗಿ ಬರೆದ್ರು ಅಂತ ಆ ಆಫೀಸಿನ ಮುಂದೆನೇ ಹಿಮದಲ್ಲಿ ನಿಂತು ಮಾತಾಡಿದ್ರು. ಕೆನ್ನೆ ಮೇಲೆ ಇಳಿದಿದ್ದು ಕಣ್ಣೀರು ಅಂತ ವರದಿಗಾರರು ಬರೆದ್ರು, ಕರಗಿದ ಹಿಮ ಅಂತ ಇವ್ರು ಹೇಳಿದ್ರು, ಇವತ್ತಿಗೂ ತೀರ್ಮಾನ ಆಗಿಲ್ಲ. ನ್ಯೂ ಹ್ಯಾಂಪ್‌ಶೈರ್ ಗೆದ್ರು ಕೂಡ, 46 ಪರ್ಸೆಂಟ್! ಆದ್ರೂ "ಅತ್ತ ಮನುಷ್ಯ" ಅನ್ನೋ ಮುದ್ರೆ ಬಿತ್ತು. ನೋಡಿ, ಹೆಂಡತೀನ ಬೈದವ್ರಿಗೆ ಏನೂ ಆಗ್ಲಿಲ್ಲ, ಹೆಂಡತಿ ಪರ ನಿಂತವ್ರು ಮುಳುಗಿದ್ರು.

ರಿಪಬ್ಲಿಕನ್ ರಿಕ್ ಪೆರಿ, 2011ರ ನವೆಂಬರ್ 9ರ ಡಿಬೇಟು. ಮೂರು ಇಲಾಖೆ ಮುಚ್ತೀನಿ ಅಂತ ಎರಡರ ಹೆಸರು ಹೇಳಿ ಮೂರನೇದು ನೆನಪಾಗ್ದೆ ಒದ್ದಾಡಿ ಕೊನೆಗೆ "ಊಪ್ಸ್" ಅಂದ್ರು. ಮರೆತಿದ್ದು ಇಂಧನ ಇಲಾಖೆ. 2017ರಲ್ಲಿ ಟ್ರಂಪ್ ಅವರನ್ನ ಯಾವ ಇಲಾಖೆಗೆ ಮಂತ್ರಿ ಮಾಡಿದ್ರು ಹೇಳಿ? ಅದೇ ಇಂಧನ ಇಲಾಖೆ. ನಾನು ಕಥೆ ಕಟ್ತಿಲ್ಲ.

ಅದಕ್ಕೇ ಹೇಳೋದು, ಪಕ್ಷದ ಓಟರ್ ಹುಡುಕ್ತಿರೋದು ಸಭ್ಯ ಮನುಷ್ಯನ್ನಲ್ಲ, ನವೆಂಬರ್‌ನಲ್ಲಿ ಎದುರುಗಡೆಯವ್ರ ಜೊತೆ ಕುಸ್ತಿ ಆಡೋನನ್ನ. ಕ್ರೂರವಾಗಿ ಮಾತಾಡಿದ್ರೆ ಅಖಾಡಕ್ಕೆ ಇಳಿಯೋಕೆ ರೆಡಿ ಇದಾನೆ ಅನ್ಸತ್ತೆ, ತಡವರಿಸಿದ್ರೆ ಬೀಳ್ತಾನೆ ಅನ್ಸತ್ತೆ.

ಪೆನ್‌ಹಿಲ್ಸ್_ಪುಳಿಯೋಗರೆ | ಫೆಬ್ರವರಿ 13

ಪೇಪರ್ ಅವ್ರೇ, ಚೆನ್ನಾಗಿದೆ ಆದ್ರೆ ಪೂರ್ತಿ ಒಪ್ಪಲ್ಲ. ಡೆಮಾಕ್ರಾಟ್ ಕ್ಯಾಂಡಿಡೇಟ್ ಹೋವರ್ಡ್ ಡೀನ್ ಕಿರುಚಿದ್ದು? 2004ರ ಅಯೋವಾ ರಾತ್ರಿ "ಯಾಹ್" ಅಂತ. ಅದ್ರಿಂದ ಸೋತ್ರು ಅಂತ ಎಲ್ರೂ ಹೇಳ್ತಾರೆ. ಅಲ್ಲ, ಕಿರುಚೋ ಹೊತ್ತಿಗಾಗ್ಲೇ ಮೂರನೇ ಸ್ಥಾನಕ್ಕೆ ಬಿದ್ದಿದ್ರು, 18 ಪರ್ಸೆಂಟ್. ಹಾಲ್‌ನಲ್ಲಿದ್ದ ಜನರ ಗದ್ದಲದಲ್ಲಿ ಆ ಕಿರುಚು ಕೇಳಿಸ್ಲೇ ಇಲ್ವಂತೆ, ಕೈಲಿದ್ದ ಮೈಕು ಸುತ್ತಲಿನ ಸದ್ದನ್ನ ಬಿಟ್ಟು ಅವರ ಗಂಟಲು ಮಾತ್ರ ಹಿಡೀತು, ಟಿವಿಯವ್ರು ದಿನಗಟ್ಲೆ ತಿರುಗಿಸಿ ತಿರುಗಿಸಿ ಹಾಕಿದ್ರು. ಎಷ್ಟೋ ಸಲ ಸೋಲು ಮೊದ್ಲು ಬರತ್ತೆ, ಅದಕ್ಕೆ ಒಪ್ಪೋ ಮಾತನ್ನ ಆಮೇಲೆ ಹುಡುಕಿ ಅಂಟಿಸ್ತಾರೆ.

ನಾನು 2008ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಓದ್ತಿದ್ದೆ. ಶನಿವಾರ ಆದ್ರೆ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನ, ದರ್ಶನ ಐದು ನಿಮಿಷ, ಕ್ಯಾಂಟೀನು ಒಂದೂವರೆ ಗಂಟೆ. ಏಪ್ರಿಲ್‌ನಲ್ಲಿ ಒಬಾಮಾ ಮಾತು ಹೊರಗೆ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಶ್ರೀಮಂತರ ಮನೇಲಿ ಚಂದಾ ಎತ್ತೋವಾಗ ಹೇಳಿದ್ದು, ಪೆನ್ಸಿಲ್ವೇನಿಯಾದ ಸಣ್ಣೂರುಗಳಲ್ಲಿ 25 ವರ್ಷದಿಂದ ಕೆಲಸ ಹೋಗಿದೆ, ಹಂಗಾಗಿ ಜನ ಕಹಿಯಾಗಿದಾರೆ, ಬಂದೂಕಿಗೋ ಧರ್ಮಕ್ಕೋ ಜೋತು ಬಿದ್ದಿದಾರೆ ಅಂತ. ನಾನು ಬಾಡಿಗೆಗಿದ್ದ ಮನೆ ಓನರ್ ಸ್ಟೀಲ್ ಮಿಲ್ಲಲ್ಲಿ ಕೆಲಸ ಕಳ್ಕೊಂಡವ್ರು. ಅವರಿಗೆ ಕೋಪ ಬಂದಿದ್ದು "ಕಹಿ" ಅಂದಿದ್ದಕ್ಕಲ್ಲ. "ನಾವು ಕಹಿಯಾಗೇ ಇದೀವಿ, ಅದನ್ನ ಅವ್ರ ಹತ್ರ ಯಾಕೆ ಹೇಳ್ದ?" ಅಂದ್ರು. ಮನೆ ವಿಷಯ ಬೀದೀಲಿ ಆಡಿದಂಗೆ ಆಯ್ತು ಅವರಿಗೆ. ನಂಗೆ ಅವತ್ತು ಅರ್ಥ ಆಗಿದ್ದು, ಏನಂದ ಅನ್ನೋದಕ್ಕಿಂತ ಯಾರ ಮುಂದೆ ಅಂದ ಅನ್ನೋದು ಚುಚ್ಚತ್ತೆ. ಹಿಲರಿ ಆ ವಾರವೇ ಇಂಡಿಯಾನಾದ ಒಂದು ಬಾರಲ್ಲಿ ವಿಸ್ಕಿ ಹಾಕಿ, ನಾನು ನಿಮ್ಮವಳೇ ಅಂತ ತೋರಿಸ್ಕೊಂಡ್ರು, 22ನೇ ತಾರೀಕು ಪೆನ್ಸಿಲ್ವೇನಿಯಾನ 9 ಪಾಯಿಂಟಲ್ಲಿ ಗೆದ್ರು. ಆದ್ರೆ ಟಿಕೆಟ್ ಒಬಾಮಾಗೇ ಸಿಕ್ತು, ನವೆಂಬರ್‌ನಲ್ಲಿ ಅದೇ ಪೆನ್ಸಿಲ್ವೇನಿಯಾ ಒಬಾಮಾಗೇ ಹಾಕ್ತು. ನಮ್ಮ ಓನರ್ ಯಾರಿಗೆ ಹಾಕಿದ್ರು ಗೊತ್ತಿಲ್ಲ, ಬಾಡಿಗೆ ಮಾತ್ರ ಏರಿಸಿದ್ರು.

ಇದಕ್ಕೆ ಉಲ್ಟಾ ಹಿಲರಿದು. 2008ರ ಪ್ರೈಮರೀಲಿ ವೆಸ್ಟ್ ವರ್ಜೀನಿಯಾನ 40 ಪಾಯಿಂಟಿಗೂ ಜಾಸ್ತಿ ಅಂತರದಲ್ಲಿ ಗೆದ್ದವ್ರು, 2016ರಲ್ಲಿ ಅದೇ ರಾಜ್ಯದಲ್ಲಿ ಬರ್ನಿ ಸ್ಯಾಂಡರ್ಸ್‌ಗೆ ಸೋತ್ರು. ನಡುವೆ ಮಾರ್ಚ್‌ನಲ್ಲಿ ಟಿವೀಲಿ ಒಂದು ಮಾತು, ತುಂಬಾ ಕಲ್ಲಿದ್ದಲು ಕಾರ್ಮಿಕರನ್ನ, ಕಂಪನಿಗಳನ್ನ ನಾವು ಮನೆಗೆ ಕಳಿಸ್ತೀವಿ ಅಂತ. ಆ ವಾಕ್ಯದ ಹಿಂದೆ ಮುಂದೆ ಆ ಜನಕ್ಕೆ ಹೊಸ ಕೆಲಸ ಕೊಡೋ ಯೋಜನೆ ಇತ್ತು. ಯಾರು ಕೇಳ್ತಾರೆ. ಇಲ್ಲಿ ಬೈಗುಳನೂ ಇಲ್ಲ, ತಡವರಿಕೆನೂ ಇಲ್ಲ, ಸೀದಾ ಹೊಟ್ಟೆ ಮೇಲೆ ಬಿದ್ದ ಮಾತು. ಪೇಪರ್ ಅವ್ರ ಥಿಯರೀಲಿ ಇದು ಎಲ್ಲಿ ಕೂರತ್ತೆ?

ಹಳೇ_ಪೇಪರ್ | ಫೆಬ್ರವರಿ 13

ಕೂರಲ್ಲ. ಒಪ್ಪಿದೆ. ಬೇರೆಯವ್ರನ್ನ ಬೈಬೋದು ಆದ್ರೆ ಆ "ಬೇರೆಯವ್ರು" ಆ ರೂಮಲ್ಲಿ ಓಟು ಹಾಕೋ ಜನ ಆಗಿರ್ಬಾರ್ದು, ಇಷ್ಟು ಸೇರಿಸ್ಕೋತೀನಿ. ಮೆಕೇನ್ ಒಬ್ಬರೇ, ಮೇಜರ್ ಹೇಲಿ ಒಬ್ಬರೇ. ಕಲ್ಲಿದ್ದಲು ಜನ ಊರಿಗೆ ಊರೇ.

ಇನ್ನೂ ಒಂದು, ಬೈಗುಳ ಎಲ್ರ ಬಾಯಿಗೂ ಒಗ್ಗಲ್ಲ. 2016ರಲ್ಲಿ ಇನ್ನೊಬ್ಬ ರಿಪಬ್ಲಿಕನ್ ಕ್ಯಾಂಡಿಡೇಟ್ ಮಾರ್ಕೊ ರೂಬಿಯೋ ಟ್ರಂಪ್ ಥರಾನೇ ಮಾತಾಡ್ತೀನಿ ಅಂತ ಹೊರಟು ಅವರ ಕೈ ಚಿಕ್ಕದು ಅಂತ ಹಂಗಿಸಿದ್ರು. ಮಾರ್ಚ್ 3ರ ಡಿಬೇಟಲ್ಲಿ ಟ್ರಂಪ್ ಕೈ ಎತ್ತಿ ತೋರಿಸಿ ಅದಕ್ಕಿಂತ ಕೆಳಗಿನ ಮಟ್ಟದ ಉತ್ತರ ಕೊಟ್ರು, 15ಕ್ಕೆ ರೂಬಿಯೋ ತಮ್ಮ ಸ್ವಂತ ಫ್ಲೋರಿಡಾ ಸೋತು ಮನೆಗೆ ಹೋದ್ರು. ನನ್ನ ಮಕ್ಕಳಿಗೆ ಮುಜುಗರ ಆಯ್ತು, ಮತ್ತೆ ಅವಕಾಶ ಸಿಕ್ಕಿದ್ರೆ ಹಾಗೆ ಮಾಡಲ್ಲ ಅಂತ ಅವರೇ ಹೇಳ್ಕೊಂಡ್ರು. ಪಕ್ಕದ್ಮನೆಯವ್ರ ಚಪ್ಪಲಿ ಹಾಕ್ಕೊಂಡು ಓಡೋಕೆ ಹೋದ್ರೆ ಹಾಗೇ.

ಬಸವನಗುಡಿ_ಬೆಂಚು | ಫೆಬ್ರವರಿ 13

ಅಲ್ಲಿ ನೀತಿ ಸಂಹಿತೆ ಗೀತಿ ಸಂಹಿತೆ ಏನೂ ಇಲ್ವಾ? ನಮ್ಮಲ್ಲಿ 2019ರಲ್ಲಿ ಯೋಗಿಗೆ 72 ಗಂಟೆ, ಮಾಯಾವತಿಗೆ 48 ಗಂಟೆ ಪ್ರಚಾರ ಬಂದ್ ಮಾಡಿಸಿದ್ರಲ್ಲ ಚುನಾವಣಾ ಆಯೋಗದವ್ರು. ಹೋದ ವರ್ಷ ನಮ್ಮ ರಾಜ್ಯದಲ್ಲೂ ವಿಷಸರ್ಪ, ವಿಷಕನ್ಯೆ ಅಂತೆಲ್ಲ

ಕಟ್ಟೆ_ಕಾವಲು (ನಿರ್ವಾಹಕ) | ಫೆಬ್ರವರಿ 13

ಬೆಂಚು ಸಾರ್, ಲೋಕಲ್ ಪಾಲಿಟಿಕ್ಸ್ ಇಲ್ಲಿಗೆ ತರಬೇಡಿ ಪ್ಲೀಸ್, ಉಳಿದಿದ್ದು ಎಡಿಟ್ ಮಾಡಿದೀನಿ. ಹಾವು ಬಿಟ್ರೆ ನಾಳೆ ಬೆಳಿಗ್ಗೆ 400 ಕಾಮೆಂಟ್ ಇರತ್ತೆ, ನಂಗೆ ಮನೇಲಿ ಬೇರೆ ಕೆಲ್ಸ ಇದೆ.

ಡಿಮಾಯ್ನ್_ದೋಸೆ | ಫೆಬ್ರವರಿ 13

ಹಹ. ಇಲ್ಲ ಸಾರ್, ಇಲ್ಲಿ ಆ ಥರ ಏನೂ ಇಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ಅಂತ ಒಂದಿದೆ, ಅದು ನೋಡೋದು ದುಡ್ಡಿನ ಲೆಕ್ಕ, ಯಾರು ಎಷ್ಟು ಚಂದಾ ಕೊಟ್ರು ಅಂತ. ನಾಲಿಗೆ ಅವ್ರ ವ್ಯಾಪ್ತಿಗೆ ಬರಲ್ಲ, ವಾಕ್ ಸ್ವಾತಂತ್ರ್ಯ ಕಾಪಾಡೋ ಸಂವಿಧಾನದ ಮೊದಲ ತಿದ್ದುಪಡಿ ಇದೆ. ಮೈಕ್ ಕಿತ್ಕೊಳೋರು ಯಾರೂ ಇಲ್ಲ. "ಮಾತು ಆಡಿದರೆ ಹೋಯ್ತು ಮುತ್ತು ಒಡೆದರೆ ಹೋಯ್ತು" ಅಂತಾರಲ್ಲ ನಮ್ಮಲ್ಲಿ, ಇಲ್ಲಿ ಮಾತು ಆಡಿದ ಅರ್ಧ ಗಂಟೆಗೆ ಎರಡೂ ಕಡೆಯಿಂದ ಚಂದಾ ಕೇಳೋ ಇಮೇಲ್ ಬರತ್ತೆ. ನಂಗೂ ಬರತ್ತೆ, ಓಟೇ ಇಲ್ದಿರೋನಿಗೆ.

ಅಂದಹಾಗೆ ನಮ್ಮೂರಿನವ್ರಿಗೆ ಹೇಲಿ ಮೇಲೆ ಒಂದು ಸಿಟ್ಟಿದೆ. ಜನವರೀಲಿ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ, ಅಯೋವಾ ಶುರು ಮಾಡತ್ತೆ ನೀವು ಅದನ್ನ ತಿದ್ದುತೀರ ಅಂದ್ರು. ಏನು ಉತ್ತರ ಪತ್ರಿಕೆನಾ ನಾವು ತಿದ್ದೋಕೆ? ಇಲ್ಲಿ ಮೂರನೇ ಸ್ಥಾನ ಬಂತು. ಅಲ್ಲಿ "ತಿದ್ದಿದ" ಮೇಲೂ 43ಕ್ಕೆ ನಿಂತ್ರು, ಟ್ರಂಪ್ 54. ಇನ್ನು ನೆವಾಡಾ ಪ್ರೈಮರೀಲಂತೂ ಟ್ರಂಪ್ ಹೆಸರೇ ಇರ್ಲಿಲ್ಲ, ಆದ್ರೂ "ಇವರಲ್ಲಿ ಯಾರೂ ಬೇಡ" ಅನ್ನೋ ಆಯ್ಕೆ 63 ಪರ್ಸೆಂಟ್ ತಗೊಂಡು ಹೇಲೀನ ಸೋಲಿಸ್ತು. ನೋಟಾ ಗೆದ್ದಿದ್ದು ನಾನು ಮೊದಲ ಸಲ ನೋಡಿದ್ದು.

ಡಲ್ಲಾಸ್_ದೊಡ್ಡಪ್ಪ | ಫೆಬ್ರವರಿ 14

ನೋಟಾ ಗೆದ್ದಿದ್ದಕ್ಕೆ ನಗು ಬಂತು ಕಣಪ್ಪ ನಿಜವಾಗ್ಲೂ.

ಪಲ್ಯದಮ್ಮ, ನಿಮ್ಮ ಮಗಳ ವಿಷ್ಯ ಓದಿ ಮನಸ್ಸಿಗೆ ತಟ್ಟಿತು. ನನ್ನ ಹೆಸರನ್ನ ಇಲ್ಲಿಯವ್ರು ಮೂವತ್ತು ವರ್ಷದಿಂದ ಕೊಲ್ತಿದಾರೆ, ನಾನೇ ಅರ್ಧ ಮಾಡಿ ಕೊಟ್ಬಿಟ್ಟೆ ಅವರಿಗೆ, ಸುಲಭ ಆಗ್ಲಿ ಅಂತ. ನಿಮ್ಮ ಹುಡುಗಿ ಹಂಗೆ ಮಾಡೋದು ಬೇಡ. ಓಟು ಮಾತ್ರ ಬದಲಾಯಿಸಲ್ಲ ನಾನು, ಅದು ಬೇರೆ ಇದು ಬೇರೆ.

ಸ್ಯಾನ್‌ಹೊಸೆ_ಸೊಪ್ಪಿನಪಲ್ಯ | ಫೆಬ್ರವರಿ 14

ಥ್ಯಾಂಕ್ಸ್ ದೊಡ್ಡಪ್ಪ. ಅದು ಬೇರೆ ಇದು ಬೇರೆ ಅನ್ನೋದೇ ನಂಗೆ ಅರ್ಥ ಆಗ್ತಿಲ್ಲ, ಆದ್ರೆ ನಿಮ್ಮ ಜೊತೆ ಜಗಳ ಆಡೋಕೆ ಇವತ್ತು ಮನಸ್ಸಿಲ್ಲ.

ಹೇಲಿ ಉತ್ತರ ನೋಡಿದ್ರಾ? ಏನಾದ್ರೂ ಹೇಳೋದಿದ್ರೆ ಬೆನ್ನ ಹಿಂದೆ ಬೇಡ, ಡಿಬೇಟ್‌ಗೆ ಬಂದು ಮುಖಕ್ಕೆ ಹೇಳಿ ಅಂದ್ರು. ಯೋಧನ ಸೇವೇನ ಹಂಗಿಸೋನಿಗೆ ಡ್ರೈವಿಂಗ್ ಲೈಸೆನ್ಸ್ ಕೂಡ ಕೊಡಬಾರ್ದು ಅಂದ್ರು. ಗಂಡ ಅಲ್ಲಿಂದ್ಲೇ ತೋಳದ ಫೋಟೋ ಹಾಕಿ, ಪ್ರಾಣಿಗಳು ತಮ್ಮಲ್ಲಿನ ಅತಿ ದಡ್ಡನ್ನ ನಾಯಕ ಮಾಡ್ಕೊಳಲ್ಲ ಅಂತ ಪೋಸ್ಟ್ ಮಾಡಿದ್ರು. ಚೆನ್ನಾಗಿತ್ತು. ಆದ್ರೆ ಒಂದು ವರ್ಷ ಲೇಟು, ಇಷ್ಟು ದಿನ ಟ್ರಂಪ್ ಹೆಸರೆತ್ತೋಕೂ ಹೇಲಿ ಹೆದರ್ಕೊಂಡೇ ಇದ್ದಂಗಿತ್ತು.

ಗ್ರೀನ್‌ವಿಲ್_ಗೊಜ್ಜು | ಫೆಬ್ರವರಿ 25

ಹನ್ನೊಂದು ದಿನ ಆದ್ಮೇಲೆ ವಾಪಸ್ ಬಂದಿದೀನಿ, ರಿಸಲ್ಟ್ ನೋಡಿರ್ತೀರ. ನಿನ್ನೆ ಸಂಜೆ 7ಕ್ಕೆ ವೋಟಿಂಗ್ ಮುಗೀತು, 7ಕ್ಕೇ ಟ್ರಂಪ್ ಗೆದ್ರು ಅಂತ ಘೋಷಣೆ ಬಂತು, ನಾನು ಟಿವಿ ಮುಂದೆ ಚಕ್ಲಿ ಡಬ್ಬಿ ಮುಚ್ಚಳ ಕೂಡ ತೆಗೆದಿರ್ಲಿಲ್ಲ. ಸುಮಾರು 60ಕ್ಕೆ 40. ಏಳೂವರೆ ಲಕ್ಷ ಜನ ಓಟು ಹಾಕಿದಾರೆ, ಇಲ್ಲಿನ ರಿಪಬ್ಲಿಕನ್ ಪ್ರೈಮರಿಗೆ ಇದು ದಾಖಲೆ. ಮೊನ್ನೆ ಶುಕ್ರವಾರ ರಾತ್ರಿ ಇಲ್ಲಿನ ರಾಜಧಾನಿ ಕೊಲಂಬಿಯಾದಲ್ಲಿ ಟ್ರಂಪ್ ಇನ್ನೊಂದು ಮಾತಿನ ಬಾಂಬ್ ಹಾಕಿದ್ರು, ನನ್ನ ಮೇಲೆ ಕೇಸ್ ಹಾಕಿ ಮಗ್‌ಶಾಟ್ (ಆರೋಪಿಗಳ ಪೊಲೀಸ್ ಫೋಟೋ) ತೆಗೆದಿರೋದ್ರಿಂದ ಕಪ್ಪು ಜನಕ್ಕೆ ನನ್ನ ಕಂಡ್ರೆ ಇಷ್ಟ ಅಂತ. ಮಾರನೇ ದಿನವೇ ಓಟಿಂಗ್. ಏನೂ ಆಗ್ಲಿಲ್ಲ.

ಒಂದು ಮಾತ್ರ ಕುತೂಹಲ. ಹೇಲಿಗೆ ಮೂರು ಕೌಂಟಿ, ಅಂದ್ರೆ ಜಿಲ್ಲೆ, ಸಿಕ್ಕಿದೆ: ಚಾರ್ಲ್‌ಸ್ಟನ್, ರಿಚ್‌ಲ್ಯಾಂಡ್, ಬೋಫರ್ಟ್. ಫೋರ್ಟ್ ಜಾಕ್ಸನ್ ಇರೋದು ರಿಚ್‌ಲ್ಯಾಂಡಲ್ಲಿ, ಪ್ಯಾರಿಸ್ ಐಲೆಂಡ್ ಇರೋದು ಬೋಫರ್ಟಲ್ಲಿ!

ಪೆನ್‌ಹಿಲ್ಸ್_ಪುಳಿಯೋಗರೆ | ಫೆಬ್ರವರಿ 25

ಖುಷಿ ಪಡ್ಬೇಡಿ. ಬೋಫರ್ಟಲ್ಲೇ ಹಿಲ್ಟನ್ ಹೆಡ್ ಇರೋದು, ಗಾಲ್ಫ್ ಆಡೋ ರಿಟೈರ್ಡ್ ಶ್ರೀಮಂತರ ದ್ವೀಪ. ರಿಚ್‌ಲ್ಯಾಂಡ್ ಅಂದ್ರೆ ಕೊಲಂಬಿಯಾ ಸಿಟಿ, ಯೂನಿವರ್ಸಿಟಿ, ಡೆಮಾಕ್ರಾಟ್ ಕೋಟೆ. ಅವ್ರು ಮೇಜರ್ ಹೇಲಿಗೋಸ್ಕರ ಬಂದ್ರು ಅಂತ ಹೇಳೋಕಾಗಲ್ಲ, ಮೊದ್ಲಿಂದ್ಲೂ ಟ್ರಂಪ್ ಇಷ್ಟ ಇಲ್ದಿರೋ ಜನ.

ಹಳೇ_ಪೇಪರ್ | ಫೆಬ್ರವರಿ 25

ಹೌದು. ಆದ್ರೆ ಆ 40 ಸಣ್ಣ ಸಂಖ್ಯೆ ಅಲ್ಲ, ಹೇಲಿನೂ ನಿನ್ನೆ ಅದನ್ನೇ ಹೇಳಿದ್ರು, 40 ಅಂದ್ರೆ 50 ಅಲ್ಲ ಅಂತ ಗೊತ್ತು ಆದ್ರೆ ಪುಟ್ಟ ಗುಂಪೂ ಅಲ್ಲ ಅಂತ. ಟ್ರಂಪ್ ತಮ್ಮ ವಿಜಯದ ಭಾಷಣದಲ್ಲಿ ಹೇಲಿ ಹೆಸರೇ ಎತ್ತಲಿಲ್ಲ ಗಮನಿಸಿದ್ರಾ? ಎರಡು ವಾರದ ಹಿಂದೆ ಗಂಡನ ತನಕ ಹೋದವ್ರು. ಬೈಯೋದು ಬಿಟ್ಟಿದಾರೆ ಅಂದ್ರೆ ಲೆಕ್ಕಕ್ಕೇ ಇಟ್ಟಿಲ್ಲ ಅಂತ ಅರ್ಥ, ಅದು ಬೈಗುಳಕ್ಕಿಂತ ಜೋರು.

ಕುಂದಾ_ಪ್ರೇಮಿ | ಫೆಬ್ರವರಿ 25

ಗೊಜ್ಜು ಸರ, ಆ ಮಿಲಿಟರಿ ಕಾಕಾ ಏನ ಮಾಡಿದ್ರು? ಅದನ್ನ ಹೇಳ್ರಿ ಮೊದಲ. ಹದಿನೈದು ದಿನದಿಂದ ಕಾಯಾಕತ್ತೀನಿ.

ಗ್ರೀನ್‌ವಿಲ್_ಗೊಜ್ಜು | ಫೆಬ್ರವರಿ 25

ಹಹ ಅದನ್ನೇ ಹೇಳೋಕೆ ಬಂದಿದ್ದು. ಇವತ್ತು ಬೆಳಿಗ್ಗೆ ಸಿಕ್ರು. ನಿಮ್ಮ ಕ್ಯಾಂಡಿಡೇಟ್ ಗೆದ್ರಲ್ಲ, ಅಭಿನಂದನೆ ಅಂದೆ. ಯಾಕೋ ಸ್ವಲ್ಪ ಸುಮ್ನಾದ್ರು. ಆಮೇಲೆ ಹೇಳಿದ್ರು, ನಾನು ಓಟು ಹಾಕೋಕೆ ಹೋಗ್ಲಿಲ್ಲ, ಹೆಂಗಿದ್ರೂ ಗೆಲ್ತಾನೆ ಅಂತ ಗೊತ್ತಿತ್ತು, ಲೇಕ್ ಹಾರ್ಟ್‌ವೆಲ್‌ಗೆ ಮೀನು ಹಿಡಿಯೋಕೆ ಹೋಗಿದ್ದೆ ಅಂತ. ಮಗನೂ ಜೊತೇಲಿ ಬಂದಿದ್ನಾ ಅಂತ ಕೇಳ್ದೆ. ಹ್ಞೂ ಅಂದ್ರು. ದಾರೀಲಿ ಆ ಮಾತು ಬಂತಾ ಅಂತ ಕೇಳೋಕೆ ನಾಲಿಗೆ ತುದೀಗೆ ಬಂದಿತ್ತು, ಕೇಳಲಿಲ್ಲ. ಬೋರ್ಡು ಇನ್ನೂ ಅಂಗಳದಲ್ಲೇ ಇದೆ.

ಎರಡು ಮೀನು ಕೊಟ್ಟು ಕಳಿಸಿದ್ರು, ನಾವು ಸಸ್ಯಾಹಾರಿ ಅಂತ ಮೂರು ವರ್ಷದಿಂದ ಹೇಳ್ತಾನೇ ಇದೀನಿ. ಫ್ರಿಜ್ಜಲ್ಲಿಡೋಕೆ ಹೆಂಡ್ತಿ ಬಿಡ್ತಿಲ್ಲ. ಗ್ರೀನ್‌ವಿಲ್ ಸುತ್ತಮುತ್ತ ಯಾರಾದ್ರೂ ತಿನ್ನೋವ್ರಿದ್ರೆ ಮೆಸೇಜ್ ಮಾಡಿ, ಇವತ್ತೇ ಬಂದು ತಗೊಂಡು ಹೋಗಿ.

ಕುಂದಾ_ಪ್ರೇಮಿ | ಫೆಬ್ರವರಿ 25

ಯಾವ ಮೀನ್ರಿ?